ಪದದ ಅರ್ಥ, ವಾಕ್ಯದ ಅರ್ಥ: ಕಂಪ್ಯೂಟರ್ ವ್ಯಾಕರಣ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ವಾಕ್ಯವನ್ನು ಬಿಡಿಸಿ ನೋಡುವ ಸಾಫ್ಟ್‌ವೇರ್ ಬರೆಯಲು ಹೊರಟವರು ಮೊದಲು ಪ್ರತ್ಯಯಗಳ ಹತ್ತಿರ ಒದ್ದಾಡುತ್ತಾರೆ. ಅದು ಹೇಗೋ ದಾರಿಗೆ ಬಂದ ಮೇಲೆ 'ಸರಿ, ಈಗ ಅರ್ಥವನ್ನು ಎಲ್ಲಿ ಬರೆದಿಡಲಿ?' ಅಂತ ಕೇಳುತ್ತಾರೆ. ಅಲ್ಲಿಂದ ಮುಂದಿನ ಪ್ರಶ್ನೆಗಳು ಇವು.

ನಿಘಂಟು ಇದೆಯಲ್ಲ, ಸಾಲದಾ?

ನಿಘಂಟು ಬರೆದಿರುವುದು ಮನುಷ್ಯರಿಗೆ. 'ಹೊಡೆ: ಪೆಟ್ಟು ಕೊಡು' ಅಂತ ಓದಿದರೆ ನಿಮಗೆ ತಿಳಿಯುತ್ತದೆ, ಯಾಕೆಂದರೆ ಪೆಟ್ಟು ಏನು ಅಂತ ನಿಮಗೆ ಮೊದಲೇ ಗೊತ್ತು. ಕಂಪ್ಯೂಟರಿಗೆ ಅದು ಇನ್ನಷ್ಟು ಅಕ್ಷರಗಳ ಸಾಲು ಅಷ್ಟೇ.

ಅದಕ್ಕೆ ಬೇಕಾಗಿರುವುದು ಸಂಬಂಧ. ಯಾರು ಮಾಡಿದರು, ಯಾರಿಗೆ ಆಯಿತು, ಇದು ನಿಜವಾದರೆ ಇನ್ನೇನು ನಿಜ. 'ರವಿ ದೋಸೆ ತಿಂದ', 'ದೋಸೆ ತಿಂದದ್ದು ರವಿ', 'ರವಿ ತಿಂದ ದೋಸೆ' ಈ ಮೂರರಲ್ಲೂ ತಿಂದವನು ರವಿಯೇ, ಹೊಟ್ಟೆಗೆ ಹೋದದ್ದು ದೋಸೆಯೇ. ಮೂರರಲ್ಲೂ ಅದೇ ಸಂಬಂಧ ಇದೆ ಅಂತ ಹೇಳಬಲ್ಲ ಸಾಧನ ಅರ್ಥದ ಕಡೆಗೆ ಒಂದು ಹೆಜ್ಜೆ ಇಟ್ಟಿದೆ. ಮೂರನ್ನೂ ಬೇರೆ ಬೇರೆ ಅಂದುಕೊಂಡರೆ ಇನ್ನೂ ಅಕ್ಷರದಲ್ಲೇ ಇದೆ.

ಒಂದು ಪದಕ್ಕೆ ಎಷ್ಟು ಅರ್ಥ ಅಂತ ಯಾರು ತೀರ್ಮಾನ ಮಾಡುವುದು?

ಸಾಧನ ಕಟ್ಟುವ ನೀವೇ. ಕಷ್ಟ ಇರುವುದೂ ಅಲ್ಲೇ. 'ಹೊಡೆ' ಪದವನ್ನೇ ನೋಡಿ. ಗೋಡೆಗೆ ಬಣ್ಣ ಹೊಡೆದ. ಗದ್ದೆಗೆ ಔಷಧಿ ಹೊಡೆದ. ಪರೀಕ್ಷೆಯಲ್ಲಿ ಕಾಪಿ ಹೊಡೆದ. ಗೊರಕೆ ಹೊಡೆದ, ಹರಟೆ ಹೊಡೆದ, ಕಣ್ಣು ಹೊಡೆದ. ಗಂಟೆ ಹತ್ತು ಹೊಡೆಯಿತು. ಸಿಡಿಲು ಹೊಡೆಯಿತು, ಲಾಟರಿ ಹೊಡೆಯಿತು, ಮೀನು ವಾಸನೆ ಹೊಡೆಯುತ್ತಿದೆ. ಇಷ್ಟಕ್ಕೂ ಇಷ್ಟು ಅರ್ಥ ಬರೆದರೆ ಕೆಲಸ ಮುಗಿಯುವುದೇ ಇಲ್ಲ. ಒಂದೇ ಅರ್ಥ ಬರೆದರೆ ಗೊರಕೆಗೆ ಪೆಟ್ಟು ಬೀಳುತ್ತದೆ.

ನಾನು ಮಾಡುವುದು ಇಷ್ಟು. ಮೊದಲು, ಬೇರೆ ಕ್ರಿಯಾಪದ ಹಾಕಿ ನೋಡುತ್ತೇನೆ. ಬಣ್ಣಕ್ಕೆ 'ಬಳಿ' ಬರುತ್ತದೆ, ಔಷಧಿಗೆ 'ಸಿಂಪಡಿಸು' ಬರುತ್ತದೆ. ಹಾಗಾದರೆ ಅವು ಬೇರೆ ಅರ್ಥ. ಆಮೇಲೆ, ಹೆಸರುಪದವೇ ಕ್ರಿಯೆಯನ್ನು ಹೇಳುತ್ತಿದೆಯಾ ಅಂತ ನೋಡುತ್ತೇನೆ. ಗೊರಕೆ, ಹರಟೆ, ಕಾಪಿ ಹಾಗೆ. ಅಲ್ಲಿ 'ಹೊಡೆ'ಗೆ ಸ್ವಂತ ಅರ್ಥ ಹುಡುಕುವುದು ದಂಡ. 'ಹರಟೆ ಹೊಡೆ' ಪೂರ್ತಿ ಒಂದೇ ಕ್ರಿಯೆ ಅಂತ ಸೇರಿಸಿಬಿಡುತ್ತೇನೆ.

ವಿಭಕ್ತಿಯೂ ಸುಳಿವು ಕೊಡುತ್ತದೆ. 'ಹಾವನ್ನು ಹೊಡೆದರು' ಅಂದರೆ ಹಾವು ಸತ್ತಿತು ಅಂತಲೇ ಅರ್ಥ. 'ಹುಡುಗನಿಗೆ ಹೊಡೆದರು' ಅಂದರೆ ಏಟು ಮಾತ್ರ. ಆದರೆ 'ಹುಡುಗನನ್ನು ಹೊಡೆದರು' ಅಂತಲೂ ಬರೆಯುತ್ತಾರೆ. ಹಾಗಾಗಿ ಸುಳಿವನ್ನು ಸುಳಿವಾಗಿಯೇ ಇಟ್ಟುಕೊಳ್ಳಿ, ನಿಯಮ ಮಾಡಬೇಡಿ.

ವರ್ಡ್‌ನೆಟ್ ಅಂದರೆ ಏನು? ಕನ್ನಡದಲ್ಲಿ ಇದೆಯಾ?

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ 1985ರಲ್ಲಿ ಶುರು ಮಾಡಿದ ಕೆಲಸ ಅದು. ಅದರಲ್ಲಿ ಅರ್ಥವನ್ನು ವಾಕ್ಯದಲ್ಲಿ ವಿವರಿಸುವುದಕ್ಕಿಂತ ಹೆಚ್ಚಾಗಿ, ಒಂದೇ ಅರ್ಥದ ಪದಗಳನ್ನು ಗುಂಪು ಕಟ್ಟಿ ಗುಂಪುಗಳ ನಡುವೆ ದಾರ ಎಳೆಯುತ್ತಾರೆ. ಹಸು ಒಂದು ಪ್ರಾಣಿ, ಬಾಲ ಹಸುವಿನ ಭಾಗ, ಹೀಗೆ. ಇಂಗ್ಲಿಷ್‌ನ 3.0 ಆವೃತ್ತಿಯಲ್ಲಿ ಇಂಥ 1 ಲಕ್ಷ 17 ಸಾವಿರಕ್ಕೂ ಜಾಸ್ತಿ ಗುಂಪುಗಳಿವೆ.

ಕನ್ನಡದ್ದು ಭಾರತೀಯ ಭಾಷೆಗಳ ವರ್ಡ್‌ನೆಟ್‌ಗಳನ್ನು ಒಟ್ಟಿಗೆ ಜೋಡಿಸಿದ ಇಂಡೋವರ್ಡ್‌ನೆಟ್‌ನ ಒಳಗಿದೆ. ಪುಷ್ಪಕ್ ಭಟ್ಟಾಚಾರ್ಯ ಅವರ ಮುಂದಾಳತ್ವದಲ್ಲಿ ಐಐಟಿ ಬಾಂಬೆಯಲ್ಲಿ ಹಿಂದಿಯದು ಮೊದಲು ಆಯಿತು. ಉಳಿದ ಭಾಷೆಗಳು ಬಹುಪಾಲು ಹಿಂದಿ ಗುಂಪುಗಳನ್ನು ಹಿಡಿದು ಬೆಳೆದವು. ಇದರಿಂದ ಒಂದು ಲಾಭ ಇದೆ, ಭಾಷೆಯಿಂದ ಭಾಷೆಗೆ ದಾಟುವುದು ಸಲೀಸು. ತೊಂದರೆಯೂ ಇದೆ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ಸುಮ್ನೆ ಅಡಿಕೆ ಅಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ದರ. ಹಿಂದಿ ಪಟ್ಟಿಯಿಂದ ಹೊರಟರೆ ಇಂಥ ಪದಗಳು ತಾವಾಗಿ ಬರುವುದಿಲ್ಲ. 'ಸರಕು' ಅಂದರೆ ಸಾಮಾನು ಅಂತ ಒಂದೇ ಅರ್ಥ ಇಟ್ಟುಕೊಂಡ ಸಾಧನ ಅಡಿಕೆ ಧಾರಣೆಯ ಸುದ್ದಿ ಓದಿದರೆ ತಬ್ಬಿಬ್ಬಾಗುತ್ತದೆ.

ವಾಕ್ಯದ ಅರ್ಥ ಬರೆಯುವುದು ಹೇಗೆ? ಒಂದು ವಾಕ್ಯ ಬಿಡಿಸಿ ತೋರಿಸಿ.

'ಅಮ್ಮ ಬೆಳಿಗ್ಗೆ ಅಡುಗೆಮನೆಯಲ್ಲಿ ಚಾಕುವಿನಿಂದ ಮಗುವಿಗೆ ಮಾವಿನಹಣ್ಣು ಹೆಚ್ಚಿಕೊಟ್ಟಳು.'

ಭಾರತೀಯ ಭಾಷೆಗಳ ಮರಬ್ಯಾಂಕುಗಳಲ್ಲಿ, ಅಂದರೆ ಬಿಡಿಸಿ ಗುರುತು ಹಾಕಿದ ವಾಕ್ಯಗಳ ಸಂಗ್ರಹಗಳಲ್ಲಿ, ಪಾಣಿನಿಯ ಕಾರಕಗಳ ಜಾಡಿನಲ್ಲೇ ಗುರುತು ಹಾಕುತ್ತಾರೆ. ಕಾರಕ ಅಂದರೆ ಕ್ರಿಯೆಯಲ್ಲಿ ಯಾರ, ಯಾವುದರ ಪಾತ್ರ ಏನು ಅನ್ನುವುದು. ಕ್ರಿಯಾಪದ ನಡುವೆ, ಉಳಿದವು ಅದಕ್ಕೆ ಜೋತುಬಿದ್ದ ಹಾಗೆ:

ಹೆಚ್ಚಿಕೊಡು
– ಕೆ1 (ಕರ್ತೃ): ಅಮ್ಮ
– ಕೆ2 (ಕರ್ಮ): ಮಾವಿನಹಣ್ಣು
– ಕೆ3 (ಕರಣ): ಚಾಕು
– ಕೆ4 (ಸಂಪ್ರದಾನ): ಮಗು
– ಕೆ7ಪಿ (ಜಾಗ): ಅಡುಗೆಮನೆ
– ಕೆ7ಟಿ (ಹೊತ್ತು): ಬೆಳಿಗ್ಗೆ

ನೋಡಲು ಅಚ್ಚುಕಟ್ಟಾಗಿದೆ, ಅಲ್ವಾ? ಈಗ ಸ್ವಲ್ಪ ಕೆದಕೋಣ. ಮಗು ಎಲ್ಲಿಂದ ಬಂತು? ಹೆಚ್ಚುವುದಕ್ಕೆ ಮಗು ಬೇಕಿಲ್ಲ. ಮಗುವಿಗೆ ಜಾಗ ಮಾಡಿಕೊಟ್ಟದ್ದು ಹಿಂದೆ ಅಂಟಿಕೊಂಡ 'ಕೊಡು'. ಅದೇ ಜಾಗದಲ್ಲಿ 'ಹೆಚ್ಚಿಕೊಂಡಳು' ಅಂತ ಹಾಕಿ. ಹಣ್ಣು ಅವಳಿಗೇ, ಮಗುವಿಗೆ ಇಲ್ಲ. 'ಕೊಡು', 'ಕೊಳ್ಳು' ಬರೀ ಸಹಾಯಕ ಪದ ಅಂತ ಕಿತ್ತು ಎಸೆಯುವ ಸಾಧನ ಹಣ್ಣು ತಿಂದದ್ದು ಯಾರು ಅನ್ನುವುದನ್ನೇ ಎಸೆದ ಹಾಗಾಯಿತು.

ಇನ್ನೊಂದು: 'ಹೆಚ್ಚು' ಎರಡು ಪದ. ಹೆಚ್ಚಿದ ತರಕಾರಿ, ಹೆಚ್ಚಿದ ಬೆಲೆ. ರೂಪದಲ್ಲಿ ಅಕ್ಷರದ ವ್ಯತ್ಯಾಸವೂ ಇಲ್ಲ. ಪಕ್ಕದ ಹೆಸರುಪದ ನೋಡಿಯೇ ತೀರ್ಮಾನಿಸಬೇಕು.

ವಿಭಕ್ತಿ ಗೊತ್ತಾದರೆ ಕಾರಕವೂ ಗೊತ್ತಾದ ಹಾಗಲ್ವಾ?

ಎಲ್ಲರೂ ಹೀಗೇ ಅಂದುಕೊಂಡು ಶುರು ಮಾಡುತ್ತಾರೆ. ನಾನೂ ಹಾಗೇ ಶುರು ಮಾಡಿದ್ದೆ. ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ' ಅಂತ ಉರು ಹೊಡೆದದ್ದು ನೆನಪಿದೆಯಲ್ಲ. ಒಂದೊಂದಕ್ಕೂ ಒಂದೊಂದು ಕಾರಕ ಅಂಟಿಸಿ ಕೋಡ್ ಬರೆದೆ. ಒಂದೇ ದಿನದಲ್ಲಿ ಹಳ್ಳ ಹಿಡಿಯಿತು. ಕಾರಣ 'ಗೆ'.

ಮಗುವಿಗೆ ಹಾಲು ಕೊಟ್ಟಳು: ಪಡೆದವರು.
ಮೈಸೂರಿಗೆ ಹೋದಳು: ತಲುಪುವ ಜಾಗ.
ಅವಳಿಗೆ ಹಸಿವಾಯಿತು: ಅನುಭವಿಸಿದವರು.
ಎಂಟು ಗಂಟೆಗೆ ಬಂದಳು: ಹೊತ್ತು.
ನೂರು ರೂಪಾಯಿಗೆ ಮಾರಿದಳು: ಬೆಲೆ.
ಮಳೆಗೆ ಗೋಡೆ ಬಿತ್ತು: ಕಾರಣ.
ಊಟಕ್ಕೆ ಕರೆದಳು: ಉದ್ದೇಶ.
ಅವಳಿಗೆ ಇಬ್ಬರು ಮಕ್ಕಳು: ಒಡೆತನ ಅನ್ನೋಣವೇ? ಮಕ್ಕಳು ಕೇಳಿದರೆ ಬೇಜಾರು ಮಾಡಿಕೊಂಡಾರು. ಸಂಬಂಧ ಅಂತ ಇಡೋಣ.
ದಿನಕ್ಕೆ ಎರಡು ಸಲ: ಲೆಕ್ಕ.

ಒಂದೇ ಪ್ರತ್ಯಯ, ಒಂಬತ್ತು ಕೆಲಸ. ಇನ್ನೂ ಹುಡುಕಿದರೆ ಸಿಗುತ್ತವೆ. 'ಇಂದ' ಕೂಡ ಹೀಗೇ: ಚಾಕುವಿನಿಂದ ಕೊಯ್ದ, ಬೆಂಗಳೂರಿನಿಂದ ಬಂದ, ಜ್ವರದಿಂದ ನರಳಿದ. ಪಂಚಮಿಗೆ 'ದೆಸೆಯಿಂದ' ಅಂತ ಪುಸ್ತಕ ಹೇಳುತ್ತದೆ. ಬಸ್ ಸ್ಟ್ಯಾಂಡಿನಲ್ಲಿ 'ಬೆಂಗಳೂರಿನ ದೆಸೆಯಿಂದ ಬಂದೆ' ಅಂದವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಕಡೆ ಪ್ರತ್ಯಯ ಇರುವುದೇ ಇಲ್ಲ. 'ಹುಲಿ ಹಸು ತಿಂದಿತು' ಅಂದಾಗ ಎರಡೂ ಬೋಳಾಗಿವೆ, ಕ್ರಿಯಾಪದವೂ ಎರಡಕ್ಕೂ ಹೊಂದುತ್ತದೆ. ನಾವು ಸರಿಯಾಗಿ ಓದುವುದು ಪದಗಳು ಬಂದ ಸಾಲಿನಿಂದ, ಜೊತೆಗೆ ಹುಲಿಯ ಸ್ವಭಾವ ಗೊತ್ತಿರುವುದರಿಂದ.

ಹಾಗಾದರೆ ಏನು ಮಾಡಬೇಕು? ಕ್ರಿಯಾಪದವನ್ನು ಕೇಳಬೇಕು. ಪ್ರತಿ ಕ್ರಿಯಾಪದಕ್ಕೂ ಅದು ಯಾರು ಯಾರನ್ನು ಯಾವ ವಿಭಕ್ತಿಯಲ್ಲಿ ಕರೆಯುತ್ತದೆ ಅಂತ ಒಂದು ಚೌಕಟ್ಟು ಬರೆದಿಡಿ. 'ಕೊಡು' ಬಂದರೆ 'ಗೆ' ಪಡೆಯುವವರು. 'ಹೋಗು' ಬಂದರೆ ಜಾಗ. 'ಹಸಿವಾಗು' ಬಂದರೆ ಅನುಭವಿಸುವವರು. ಇದಕ್ಕೆ ಕೆ4ಎ ಅಂತ ಬೇರೆಯೇ ಗುರುತು ಇದೆ, ಅನುಭವ ಕರ್ತೃ. ಚೌಕಟ್ಟಿನಲ್ಲಿ ಜಾಗ ಸಿಗದೆ ಉಳಿದ 'ಗೆ'ಗಳನ್ನು ಹೊತ್ತು, ಬೆಲೆ, ಕಾರಣ ಅಂತ ಹೆಸರುಪದ ನೋಡಿ ಹಂಚಿ. ನೂರಿನ್ನೂರು ದಿನಬಳಕೆಯ ಕ್ರಿಯಾಪದಗಳಿಗೆ ಇದನ್ನು ಕೈಯಲ್ಲೇ ಬರೆಯಬಹುದು, ಬೇಸರದ ಕೆಲಸವಾದರೂ.

ಈ ಕಾರಕದ ಗುರುತುಗಳು ಎಲ್ಲಿಂದ ಬಂದವು?

ಐಐಟಿ ಕಾನ್ಪುರದಲ್ಲಿ 1980ರ ದಶಕದಲ್ಲಿ, ಆಮೇಲೆ ಹೈದರಾಬಾದಿನಲ್ಲಿ, ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಜೊತೆಗಾರರು ಬೆಳೆಸಿದ ದಾರಿ ಇದು. ಅವರ ಅನುಸಾರಕ ಅನ್ನುವ ಸಾಧನದಲ್ಲಿ ಕನ್ನಡದಿಂದ ಹಿಂದಿಗೆ ದಾಟಿಸುವ ಜೋಡಿಯೂ ಇತ್ತು. ಅದರ ಹಟ ನನಗೆ ಇಷ್ಟ. ಹಿಂದಿ ಸೊಗಸಾಗಿ ಬರದಿದ್ದರೂ ಪರವಾಗಿಲ್ಲ, ಕನ್ನಡದಲ್ಲಿ ಇದ್ದ ಮಾಹಿತಿ ಸೋರಬಾರದು. ಓದುವವರು ಸ್ವಲ್ಪ ಅಭ್ಯಾಸ ಮಾಡಿಕೊಳ್ಳಲಿ. ಈಗಿನ ಅನುವಾದ ಆ್ಯಪ್‌ಗಳು ಇದಕ್ಕೆ ತಿರುವುಮುರುವು: ಮಾತು ನುಣ್ಣಗೆ, ಸೋರಿದ್ದು ಗೊತ್ತೇ ಆಗುವುದಿಲ್ಲ.

ಫ್ರೇಮ್‌ನೆಟ್, ಪ್ರಾಪ್‌ಬ್ಯಾಂಕ್ ಅಂತಲೂ ಹೇಳುತ್ತಾರೆ. ಅವೂ ಇದೇ ತಾನೆ?

ಅಣ್ಣತಮ್ಮಂದಿರು, ಆದರೆ ಒಲೆ ಬೇರೆ. ಚಾರ್ಲ್ಸ್ ಫಿಲ್ಮೋರ್ ಬರ್ಕ್ಲಿಯಲ್ಲಿ 1997ರಲ್ಲಿ ಶುರು ಮಾಡಿದ ಫ್ರೇಮ್‌ನೆಟ್ ಇಡೀ ಸನ್ನಿವೇಶವನ್ನು ಹಿಡಿಯುತ್ತದೆ. ವ್ಯಾಪಾರ ಅಂದರೆ ಕೊಳ್ಳುವವರು, ಮಾರುವವರು, ಸರಕು, ಹಣ. 'ಕೊಂಡ' ಅಂದರೂ 'ಮಾರಿದ' ಅಂದರೂ ಹಿನ್ನೆಲೆ ಅದೇ. ಪ್ರಾಪ್‌ಬ್ಯಾಂಕ್ ಅಷ್ಟು ದೂರ ಹೋಗದೆ ಪ್ರತಿ ಕ್ರಿಯಾಪದಕ್ಕೂ ಎ0, ಎ1 ಅಂತ ನಂಬರು ಕೊಡುತ್ತದೆ. ಎ0 ಸಾಮಾನ್ಯವಾಗಿ ಮಾಡಿದವರು, ಎ1 ಅದಕ್ಕೆ ಒಳಗಾದದ್ದು.

ವ್ಯತ್ಯಾಸ ಕಾಣುವುದು ಇಲ್ಲಿ: 'ಬಾಗಿಲು ತೆರೆದುಕೊಂಡಿತು.' ಪಾಣಿನಿಯ ಲೆಕ್ಕದಲ್ಲಿ ಕರ್ತೃ ಬಾಗಿಲೇ, ಯಾಕೆಂದರೆ ಈ ಮಾತಿನಲ್ಲಿ ಸ್ವತಂತ್ರವಾಗಿ ನಿಂತದ್ದು ಅದು. ಪ್ರಾಪ್‌ಬ್ಯಾಂಕ್ ಲೆಕ್ಕದಲ್ಲಿ ಬಾಗಿಲು ಎ1, ಯಾರು ತೆರೆದರೂ ತೆರೆಯದಿದ್ದರೂ. ಮೊದಲನೆಯದು ಹೇಳುವವರು ಹೇಗೆ ಹೇಳಿದರು ಅನ್ನುವುದನ್ನು ಉಳಿಸುತ್ತದೆ, ಎರಡನೆಯದು ನಡೆದದ್ದೇನು ಅನ್ನುವುದನ್ನು. ಪ್ರಶ್ನೋತ್ತರದ ಸಾಧನಕ್ಕೆ ಎರಡನೆಯದು ಹಿತ. ವ್ಯಾಕರಣ ತಿದ್ದುವ ಸಾಧನಕ್ಕೆ ಕಾರಕವೇ ಸಾಕು.

ಎಎಂಆರ್ ಅಂತ ಒಂದಿದೆಯಲ್ಲ, ಅದು ಕನ್ನಡಕ್ಕೆ ಆಗುತ್ತದಾ?

ಎಎಂಆರ್ ಅಂದರೆ ಅಬ್‌ಸ್ಟ್ರಾಕ್ಟ್ ಮೀನಿಂಗ್ ರೆಪ್ರೆಸೆಂಟೇಷನ್, ವಾಕ್ಯದ ಅರ್ಥ ಬರೆದಿಡಲು 2013ರಲ್ಲಿ ಬಂದ ಬರಹದ ಕ್ರಮ. 'ಹುಡುಗನಿಗೆ ಹೋಗುವ ಆಸೆ' ಅನ್ನುವುದನ್ನು ಹೀಗೆ ಬರೆಯಬಹುದು:

(ಬ / ಬಯಸು
 :ಎ0 (ಹ / ಹುಡುಗ)
 :ಎ1 (ಗ / ಹೋಗು :ಎ0 ಹ))

'ಹ' ಎರಡು ಸಲ ಬಂದದ್ದು ನೋಡಿ. ಬಯಸುವವನೂ ಹೋಗುವವನೂ ಒಬ್ಬನೇ. ವಾಕ್ಯದಲ್ಲಿ ಒಂದೇ ಸಲ ಬಂದ ಹುಡುಗ ಅರ್ಥದಲ್ಲಿ ಎರಡು ಕಡೆ ನಿಂತಿದ್ದಾನೆ. ಇದು ಚಂದ.

ಆದರೆ ಎಎಂಆರ್ ಕಾಲವನ್ನು ಬಿಡುತ್ತದೆ. ಹೋದ, ಹೋಗುತ್ತಾನೆ ಎರಡೂ ಒಂದೇ. ಇದು ಇಂಗ್ಲಿಷ್ ಕಡೆಗೆ ವಾಲಿದೆ, ಎಲ್ಲ ಭಾಷೆಗೂ ಸಮನಾದ ನಡುಭಾಷೆ ಅಲ್ಲ ಅಂತ ಮಾಡಿದವರೇ ಒಪ್ಪಿಕೊಂಡಿದ್ದಾರೆ. ನಮಗೆ ಜಾಸ್ತಿ ಕಾಡುವುದು 'ಅಂತೆ'. 'ಬಸ್ ಬಂತು' ಅಂದರೆ ನಾನು ಕಂಡೆ. 'ಬಸ್ ಬಂತಂತೆ' ಅಂದರೆ ಯಾರೋ ಹೇಳಿದರು, ನನ್ನ ತಲೆಗೆ ಕಟ್ಟಬೇಡಿ. ಈ ಎರಡಕ್ಕೂ ಒಂದೇ ಚಿತ್ರ ಬರೆದರೆ ಗಾಳಿಸುದ್ದಿಯೂ ಕಣ್ಣಾರೆ ಕಂಡದ್ದೂ ಒಂದೇ ಆಗುತ್ತದೆ. ಎಎಂಆರ್‌ನ ಮುಂದಿನ ರೂಪವಾಗಿ 2021ರಲ್ಲಿ ಬಂದ ಯುಎಂಆರ್ (ಯೂನಿಫಾರ್ಮ್ ಮೀನಿಂಗ್ ರೆಪ್ರೆಸೆಂಟೇಷನ್), ಸುದ್ದಿ ಎಷ್ಟು ಖಚಿತ, ಯಾರ ಮಾತು ಅನ್ನುವುದಕ್ಕೆ ಜಾಗ ಇಟ್ಟಿದೆ. ಕನ್ನಡಕ್ಕೆ ಹೊಸದಾಗಿ ಶುರು ಮಾಡುವವರು ಅಲ್ಲಿಂದಲೇ ಹೊರಡಿ ಅಂತ ನನ್ನ ಸಲಹೆ.

ಒಂದೇ ವಾಕ್ಯಕ್ಕೆ ಎರಡು ಅರ್ಥ ಇದ್ದರೆ ಯಾವುದನ್ನು ಬರೆಯಲಿ?

'ರವಿ ಎರಡು ಪುಸ್ತಕ ಓದಲಿಲ್ಲ.' ಓದದೆ ಬಿಟ್ಟ ಎರಡು ಪುಸ್ತಕ ಇವೆ ಅಂತಲೋ? ಎರಡು ಓದಬೇಕಿತ್ತು, ಅಷ್ಟು ಓದಲಿಲ್ಲ, ಒಂದೇ ಓದಿದ ಅಂತಲೋ? ಈ ಬಗೆಯ ಕನ್ನಡ ವಾಕ್ಯಗಳನ್ನೇ ಇಟ್ಟುಕೊಂಡು ಜೆಫ್ರಿ ಲಿಡ್ಜ್, ಜೂಲಿಯನ್ ಮುಸೊಲಿನೊ ಎಂಬ ಭಾಷಾ ವಿಜ್ಞಾನಿಗಳು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೊಡ್ಡವರು ಎರಡೂ ಅರ್ಥ ಒಪ್ಪಿದರು. ನಾಲ್ಕು ವರ್ಷದ ಕನ್ನಡದ ಮಕ್ಕಳು ಹೆಚ್ಚಾಗಿ ಎರಡನೆಯ ಅರ್ಥಕ್ಕೇ ಅಂಟಿಕೊಂಡರು. ಕನ್ನಡದಲ್ಲಿ 'ಇಲ್ಲ' ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ಮೊದಲು ಬರುತ್ತದೆ. ಆದರೂ ಎರಡೂ ಕಡೆಯ ಮಕ್ಕಳದ್ದು ಒಂದೇ ಉತ್ತರ. ಅಂದರೆ ಮಕ್ಕಳು ನೋಡುತ್ತಿರುವುದು ಪದ ಬಂದ ಸಾಲನ್ನಲ್ಲ, ವಾಕ್ಯದ ಒಳಗಿನ ಕಟ್ಟನ್ನು.

ಸಾಧನಕ್ಕೆ ಬಂದರೆ, ಒಳ್ಳೆಯ ಉಪಾಯ ಅಂದರೆ ತೀರ್ಮಾನವನ್ನೇ ಮುಂದೂಡುವುದು. 'ಎಲ್ಲ', 'ಕೆಲವು', 'ಎರಡು' ಇಂಥ ಮೂರು ಲೆಕ್ಕದ ಪದ ಇದ್ದರೆ ಅವನ್ನು ಒಂದರೊಳಗೊಂದು ಜೋಡಿಸಲು 6 ದಾರಿ, ಐದು ಇದ್ದರೆ 120. ಎಲ್ಲವನ್ನೂ ಬರೆಯುವುದು ಹುಚ್ಚು. ಆ್ಯನ್ ಕೋಪ್‌ಸ್ಟೇಕ್ ಮತ್ತು ಸಂಗಡಿಗರು ರೂಪಿಸಿದ ಎಂಆರ್‌ಎಸ್ (ಮಿನಿಮಲ್ ರಿಕರ್ಷನ್ ಸೆಮ್ಯಾಂಟಿಕ್ಸ್) ಎಂಬ ಬರಹದ ಕ್ರಮ ಈ ಮುಂದೂಡುವ ಕೆಲಸ ಮಾಡುತ್ತದೆ: ತುಂಡುಗಳನ್ನು ಬಿಡಿಯಾಗಿ ಇಟ್ಟು, ಯಾವುದು ಯಾವುದರ ಒಳಗೆ ಹೋಗಬಹುದು ಅಂತ ಷರತ್ತು ಮಾತ್ರ ಬರೆಯುತ್ತದೆ. ಹಗ್ಗ ಗೂಟದ ಪಕ್ಕದಲ್ಲಿದೆ, ಗಂಟು ಹಾಕಿಲ್ಲ. ಬೇಕಾದಾಗ ಹಾಕಿಕೊಳ್ಳಿ. ಸ್ಟ್ಯಾನ್‌ಫರ್ಡ್‌ನಲ್ಲಿ ಡ್ಯಾನ್ ಫ್ಲಿಕಿಂಜರ್ 1990ರ ದಶಕದಿಂದ ಬೆಳೆಸಿದ ದೊಡ್ಡ ಇಂಗ್ಲಿಷ್ ವ್ಯಾಕರಣ ಈ ರೂಪದಲ್ಲೇ ಅರ್ಥ ಕೊಡುತ್ತದೆ.

'ಊ', 'ಓ' ಇಷ್ಟು ಚಿಕ್ಕವು, ಇವಕ್ಕೂ ಅರ್ಥ ಬರೆಯಬೇಕಾ?

ಬರೆಯಲೇಬೇಕು. ಈ ಪಾಠ ನಾನು ಕಲಿತದ್ದು ಪೆಟ್ಟು ತಿಂದು. ಅಕ್ಷರ ತಪ್ಪು ಸರಿಮಾಡುವ ಒಂದು ನಿಯಮದಲ್ಲಿ ಸಂಖ್ಯೆಯ ಕೊನೆಯ ದೀರ್ಘವನ್ನು ಹ್ರಸ್ವ ಮಾಡಿದ್ದೆ, ಟೈಪ್ ಮಾಡುವವರ ಕೈತಪ್ಪು ಅಂತ. 'ಎರಡೂ ಮಾತ್ರೆ ತೆಗೆದುಕೊಳ್ಳಿ' ಅನ್ನುವುದು 'ಎರಡು ಮಾತ್ರೆ ತೆಗೆದುಕೊಳ್ಳಿ' ಆಯಿತು. ಮೊದಲನೆಯದು ಎದುರಿಗಿರುವ ಈ ಎರಡು ಬೇರೆ ಬೇರೆ ಮಾತ್ರೆ. ಎರಡನೆಯದು ಯಾವುದಾದರೂ ಎರಡು. ಪರೀಕ್ಷೆಯ ವಾಕ್ಯ ಆಗಿತ್ತು, ಬಚಾವ್.

'ಹತ್ತು ಜನ ಬಂದರು' ಬರೀ ಎಣಿಕೆ. 'ಹತ್ತೂ ಜನ ಬಂದರು' ಅಂದರೆ ಇದ್ದವರೇ ಹತ್ತು, ಒಬ್ಬರೂ ತಪ್ಪಿಸಿಲ್ಲ. 'ಹತ್ತೋ ಹನ್ನೆರಡೋ ಬಂದರು' ಅಂದರೆ ಲೆಕ್ಕ ಇಟ್ಟಿಲ್ಲ. ಹೆಸರಿಗೆ ಹಚ್ಚಿದರೆ 'ರವಿಯೂ ಸುಮಳೂ' ಇಬ್ಬರೂ, 'ರವಿಯೋ ಸುಮಳೋ' ಇಬ್ಬರಲ್ಲೊಬ್ಬರು. ಪ್ರಶ್ನೆಯ ಪದಕ್ಕೆ ಹಚ್ಚಿದರೆ 'ಯಾರೋ ಬಂದರು', 'ಯಾರೂ ಬರಲಿಲ್ಲ'. ತರ್ಕಶಾಸ್ತ್ರದವರು 'ಮತ್ತು', 'ಅಥವಾ', 'ಎಲ್ಲ', 'ಯಾವುದೋ ಒಂದು' ಅಂತ ನಾಲ್ಕು ಗುರುತು ಇಟ್ಟುಕೊಂಡಿರುವ ಕೆಲಸವನ್ನು ಕನ್ನಡ ಎರಡು ಸ್ವರದಲ್ಲಿ ಮುಗಿಸುತ್ತದೆ. ಹಾಗಾಗಿ 'ಊ', 'ಓ'ಗಳನ್ನು ಪದದ ಬಾಲ ಅಂತ ಕತ್ತರಿಸುವ ಮೊದಲು ಅವಕ್ಕೆ ಬೇರೆ ಕೋಣೆ ಕೊಡಿ.

'ಅಲ್ಲ', 'ಇಲ್ಲ' ಎರಡನ್ನೂ 'ನಿಷೇಧ' ಅಂತ ಒಂದೇ ಡಬ್ಬಿಗೆ ಹಾಕುವವರಿಗೂ ಇದೇ ಮಾತು. 'ರವಿ ಬಂದಿಲ್ಲ' ಅಂದಾಗ ಯಾರೂ ಬರದೇ ಇರಬಹುದು. 'ಬಂದದ್ದು ರವಿ ಅಲ್ಲ' ಅಂದಾಗ ಯಾರೋ ಬಂದಿರುವುದಂತೂ ನಿಜ.

ಜಿಎಫ್ ಬಳಸಬಹುದಾ?

ಗ್ರಮ್ಯಾಟಿಕಲ್ ಫ್ರೇಮ್‌ವರ್ಕ್ ಅನ್ನು ಆರ್ನೆ ರಾಂಟಾ ಮತ್ತು ಸಂಗಡಿಗರು 1998ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಶುರು ಮಾಡಿದರು. ಹಲವು ಭಾಷೆಗಳ ವ್ಯಾಕರಣ ಬರೆಯುವ ಪ್ರೋಗ್ರಾಮಿಂಗ್ ಭಾಷೆ ಇದು. ಅರ್ಥದ ಮರ ಒಂದು, ಪ್ರತಿ ಭಾಷೆಗೆ ಅದನ್ನು ಮಾತಾಗಿಸುವ ನಿಯಮ ಬೇರೆ. ರೈಲ್ವೆ ಪ್ರಕಟಣೆ, ಹೋಟೆಲಿನ ಮೆನು, ಸರ್ಕಾರಿ ಅರ್ಜಿ ಇಂಥ ಸಣ್ಣ ಲೋಕಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. ಕಾದಂಬರಿ ಹಾಕಿದರೆ ಕೈಚೆಲ್ಲುತ್ತದೆ.

ಸಂಸ್ಕೃತವೇ ಕಂಪ್ಯೂಟರಿಗೆ ತಕ್ಕ ಭಾಷೆ ಅಂತ ನಾಸಾ ಹೇಳಿದೆಯಂತೆ?

ಈ 'ಅಂತೆ' ಸರಿಯಾದ ಜಾಗದಲ್ಲಿ ಬಂದಿದೆ. ನಾಸಾದ ಏಮ್ಸ್ ಕೇಂದ್ರದ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದರು. ಸಂಸ್ಕೃತ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುತ್ತಿದ್ದ ಕ್ರಮ, ಕೃತಕ ಬುದ್ಧಿಮತ್ತೆಯವರು ಬಿಡಿಸುವ ಅರ್ಥದ ಜಾಲಕ್ಕೆ ಹೋಲುತ್ತದೆ ಅಂತ ತೋರಿಸಿದರು. ಒಳ್ಳೆಯ ಲೇಖನ. ಅದು ನಾಸಾದ ತೀರ್ಮಾನ ಅಲ್ಲ, ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಿರಿ ಅಂತಲೂ ಅಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಬೇರೆಯೇ ಕಥೆ.

ಈಗ ಪದಗಳನ್ನು ಸಂಖ್ಯೆ ಮಾಡಿ ಕೃತಕ ಬುದ್ಧಿಮತ್ತೆಯ ದೊಡ್ಡ ಭಾಷಾ ಮಾದರಿಗಳಿಗೆ ಕೊಟ್ಟರೆ ಆಯಿತಲ್ಲ, ಈ ಕೈಕೆಲಸ ಯಾಕೆ?

ಪದವನ್ನು ಅದರ ಸಹವಾಸದಿಂದ ಗುರುತಿಸು ಅಂತ ಭಾಷಾ ವಿಜ್ಞಾನಿ ಫರ್ತ್ ಹೇಳಿದ್ದು 1957ರಲ್ಲಿ. 2013ರಲ್ಲಿ ಗೂಗಲ್‌ನ ವರ್ಡ್‌2ವೆಕ್ ಅದನ್ನು ಸಂಖ್ಯೆಗಳ ಸಾಲಾಗಿ ಮಾಡಿ ತೋರಿಸಿತು. ಫೇಸ್‌ಬುಕ್‌ನ ಫಾಸ್ಟ್‌ಟೆಕ್ಸ್ಟ್ ಪದದ ತುಂಡುಗಳನ್ನೂ ನೋಡುವುದರಿಂದ 'ಮನೆಗಳಲ್ಲಿದ್ದವರಿಗೂ' ಅನ್ನುವಂಥ ಕನ್ನಡ ಪದಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಾನೂ ದಿನಾ ಬಳಸುತ್ತೇನೆ. ದೊಡ್ಡ ಮಾದರಿಗಳು ಮಾಡುವ ಅನುವಾದ ನೋಡಿ ಎಷ್ಟೋ ಸಲ ಬೆರಗಾಗಿದ್ದೇನೆ.

ಆದರೆ ಸಹವಾಸ ಮಾತ್ರ ನೋಡಿದರೆ 'ಬಿಸಿ'ಯೂ 'ತಣ್ಣಗೆ'ಯೂ ಹತ್ತಿರದ ನೆಂಟರು, ಯಾಕೆಂದರೆ ಎರಡೂ ನೀರು, ಕಾಫಿ, ಗಾಳಿ ಜೊತೆಗೇ ಓಡಾಡುತ್ತವೆ. ದೊಡ್ಡ ಮಾದರಿ ತಪ್ಪಿದಾಗ ಎಲ್ಲಿ ತಪ್ಪಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ನನ್ನ ಮಾತ್ರೆಯ ತಪ್ಪು ಒಂದು ಸಾಲಿನ ನಿಯಮದಲ್ಲಿತ್ತು, ಹುಡುಕಿ ತೆಗೆದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ: ಮಾದರಿ ಉತ್ತರ ಕೊಡುತ್ತದೆ, ಕೈಯಲ್ಲಿ ಬರೆದ ಜೋಡಿವಾಕ್ಯಗಳು ಅದನ್ನು ಪರೀಕ್ಷೆ ಮಾಡುತ್ತವೆ. ಬಂತು, ಬಂತಂತೆ. ಹತ್ತು, ಹತ್ತೂ. ಹೆಚ್ಚಿಕೊಟ್ಟಳು, ಹೆಚ್ಚಿಕೊಂಡಳು.

ನಾನು ಪ್ರೋಗ್ರಾಮರ್ ಅಲ್ಲ. ಏನಾದರೂ ಮಾಡಬಹುದಾ?

ಖಂಡಿತ. ವಿಕಿಪೀಡಿಯ ಬಳಗದ, ಯಾರು ಬೇಕಾದರೂ ತುಂಬಬಹುದಾದ ಮಾಹಿತಿ ಕೋಶ ವಿಕಿಡೇಟಾದಲ್ಲಿ 2018ರಿಂದ ಪದಗಳಿಗೇ ಒಂದು ವಿಭಾಗ ಇದೆ. ಅಲ್ಲಿ ಒಂದು ಕನ್ನಡ ಪದ ಸೇರಿಸಿ, ಅದರ ರೂಪಗಳನ್ನು ಬರೆದು, ಪ್ರತಿ ಅರ್ಥಕ್ಕೂ ಒಂದು ಸಾಲು ಹಾಕಬಹುದು. ಕೋಡ್ ಬೇಡ, ಫಾರಂ ತುಂಬುವಷ್ಟೇ ಕೆಲಸ. ಮೊದಲ ಪದವಾಗಿ 'ಮಾಡು', 'ಹೋಗು' ಹಿಡಿಯಬೇಡಿ, ಅರ್ಧಕ್ಕೇ ಸುಸ್ತಾಗುತ್ತೀರಿ. ನಿಮ್ಮ ಮನೆಯ ಕೆಲಸದ ಪದ ಹಿಡಿಯಿರಿ. ಅಡಿಕೆಯವರಾದರೆ ಗೊರಬಲು, ನೇಕಾರರಾದರೆ ಲಾಳಿ. ಒಂದೋ ಎರಡೋ ಅರ್ಥ ಇರುತ್ತವೆ, ಅವು ನಿಮಗೆ ಚೆನ್ನಾಗಿ ಗೊತ್ತಿರುತ್ತವೆ.